ವೀರಬಸಮ್ಮನ ಹಲ್ಲು, ಶೈಲಜಾಳ ಕ್ಲಿಪ್ಪು

ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಿ ಇರುತ್ತಾಳೆಯೇ ಎಂದು ಯಾರಾದರೂ ಮೂಗಿನ ಮೇಲೆ ಬೆರಳಿಟ್ಟರೆ, ಅವರು ಗದ್ವಾಲದ ವೀರಬಸಮ್ಮನನ್ನು ಕಂಡಿಲ್ಲ ಎಂದೇ ಅರ್ಥ. ಕಂಡಿದ್ದರೂ ಅವರಿಗೇನು ಗೊತ್ತಾಗುತ್ತಿತ್ತು, ಬಿಡಿ. ಸೀರೆ ಅಂಗಡಿ ಶರಣಯ್ಯನ ಹೆಂಡತಿ. ತಲೆ ಮೇಲಿನ ಸೆರಗು ಜಾರಗೊಡುವವಳಲ್ಲ. ಬಂದವರಿಗೆ ಚಹಾ ಕೊಟ್ಟು ಬಾಗಿಲ ಮರೆಗೆ ಸರಿದು ನಿಲ್ಲುವವಳು. ಓಣಿಯವರ ಮಾತಿನಲ್ಲಿ ಆಕೆ ಬಾಯಿ ಸತ್ತ ಹೆಣ್ಣುಮಗಳು. ನಗು ಬಂದರೆ ಸೆರಗಿನ ತುದಿ ತಾನಾಗಿ ಬಾಯಿಗೆ ಹೋಗುತ್ತಿತ್ತು, ಯಾಕೆಂದರೆ ಆಕೆಯ ಮೇಲಿನ ಸಾಲಿನ ಹಲ್ಲುಗಳು ತುಟಿಯನ್ನು ಹಿಂದೆ ಬಿಟ್ಟು ಮುಂದೆ ಬಂದಿದ್ದವು. ಉಬ್ಬುಹಲ್ಲು ಲೋಕದಲ್ಲಿ ಇಲ್ಲದ್ದೇನಲ್ಲ. ಆದರೆ ಬೇರೆಯವರ ಹಲ್ಲು ರೊಟ್ಟಿ ಅಗಿದುಕೊಂಡು ಸುಮ್ಮನಿದ್ದರೆ, ವೀರಬಸಮ್ಮನ ಹಲ್ಲು ಆಕೆಯ ಬಾಳನ್ನೇ ಅಗಿದಿತ್ತು.

ತೆಲಂಗಾಣ ಬೇರೆ ರಾಜ್ಯವಾದ ದಿನ ಗದ್ವಾಲದ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಲಾಲು, ತಮಟೆ, ಪೇಡೆ. ಶರಣಯ್ಯನೂ ಅಂಗಡಿ ಮುಂದೆ ಪೇಡೆ ಹಂಚಿದ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಎಂದು ಎರಡು ನಾಲಿಗೆ ಇಟ್ಟುಕೊಂಡು ಬಾಳಿದ ಮನುಷ್ಯ ಆತ; ಯಾವ ರಾಜ್ಯವಾದರೂ ಸೀರೆ ಉಡುವುದನ್ನು ಯಾರೂ ಬಿಡುವುದಿಲ್ಲ ಎಂದು ಗೊತ್ತಿದ್ದವನು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಫೋಟೋದಲ್ಲಿ ಶರಣಯ್ಯ, ಆತನ ಪಕ್ಕದಲ್ಲಿ ಹನ್ನೆರಡರ ಮಗಳು ಶೈಲಜಾ. ಕೆನ್ನೆಗೆಲ್ಲ ಗುಲಾಲು ಬಳಿದುಕೊಂಡು ಬಾಯ್ತುಂಬ ನಗುತ್ತಿದ್ದಳು. ಹಿಂದೆ ವೀರಬಸಮ್ಮ, ಬಾಯಿಗೆ ಸೆರಗು.

ಶರಣಯ್ಯ ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ. ಮುಖ ಬಾಡಿತು.

"ಹುಡುಗಿ ಹಲ್ಲು ಇಷ್ಟು ಮುಂದ ಬಂದಾವಲ್ಲ. ನನಗ ಯಾಕ ಯಾರೂ ಹೇಳಲಿಲ್ಲ?"

ಎದುರಿಗೇ ನಿಂತಿದ್ದ ವೀರಬಸಮ್ಮ ಏನು ಹೇಳಿಯಾಳು? ಅದೇ ಹಲ್ಲು ಅದೇ ಮನೆಯಲ್ಲಿ, ಅದೇ ಫೋಟೋದಲ್ಲಿ ಸೆರಗಿನ ಹಿಂದೆ ಇತ್ತು. ಆತ ಅದನ್ನು ಕೇಳಲಿಲ್ಲ.

ಮುಂದಿನ ವಾರವೇ ಅಪ್ಪ ಮಗಳು ಹೊಸದಾಗಿ ಬಿದ್ದ ರೈಲು ಹತ್ತಿ ರಾಯಚೂರಿಗೆ ಹೋದರು. ಅಲ್ಲಿಯ ಹಲ್ಲಿನ ಡಾಕ್ಟರಮ್ಮ ನೋಡಿ, ಕ್ಲಿಪ್ಪು ಹಾಕಿ ತಂತಿ ಬಿಗಿಯಬೇಕು, ತಿಂಗಳಿಗೊಮ್ಮೆ ಬರಬೇಕು, ಎರಡು ವರ್ಷವಾದರೂ ಬೇಕು ಎಂದರಂತೆ. ಸ್ವಲ್ಪ ದಿನಕ್ಕೆ ಶೈಲಜಾಳ ಹಲ್ಲಿನ ಮೇಲೆ ಒಂದೊಂದು ಲೋಹದ ಚೂರು ಅಂಟಿತು, ಅವುಗಳ ನಡುವೆ ತಂತಿ ಓಡಿತು, ತಂತಿಗೆ ಗುಲಾಬಿ ಬಣ್ಣದ ರಬ್ಬರು ಬಿತ್ತು. ಮೊದಲ ದಿನ ಹುಡುಗಿ ನೋವಿಗೆ ಅತ್ತಳು. ಎರಡನೆಯ ದಿನ ಓಣಿಯ ಹುಡುಗಿಯರನ್ನೆಲ್ಲ ಕರೆದು ತೋರಿಸಿದಳು. ಅವರು ಅದನ್ನು ಕತ್ತಿನ ಸರ ನೋಡಿದ ಹಾಗೆ ನೋಡಿದರು.

ವೀರಬಸಮ್ಮನ ಹೊಟ್ಟೆಯೊಳಗೆ ಕಿಚ್ಚು ಹತ್ತಿದ್ದು ಆಗಲೇ. ಮೊದಮೊದಲು ಅದು ಹೊಟ್ಟೆಕಿಚ್ಚು ಎಂದು ಆಕೆಗೇ ತಿಳಿಯಲಿಲ್ಲ. ಖರ್ಚಿನ ಚಿಂತೆ ಎಂದುಕೊಂಡಳು. ಹುಡುಗಿಗೆ ನೋವಾಗುತ್ತದಲ್ಲ ಎಂಬ ಸಂಕಟ ಎಂದುಕೊಂಡಳು. ಅಪ್ಪ ಮಗಳು ತಿಂಗಳಿಗೊಮ್ಮೆ ತಲೆ ಬಾಚಿಕೊಂಡು ರೈಲಿಗೆ ಹೊರಟಾಗ ಬಾಗಿಲಲ್ಲಿ ನಿಂತು ನೋಡುವಳು. ಗಂಡ ತನ್ನನ್ನು ಹೆರಿಗೆಗಲ್ಲದೆ ಬೇರೆ ಯಾವ ಡಾಕ್ಟರ ಹತ್ತಿರವೂ ಕರೆದೊಯ್ದಿರಲಿಲ್ಲ ಎಂಬುದು ಆಗ ನೆನಪಾಗುವುದು. ಮನೆಗೆ ಬಂದು ಆತ, "ಹುಡುಗಿಗೆ ಮೆತ್ತಗ ಏನರ ಮಾಡು, ಗಟ್ಟಿದು ತಿನ್ನಂಗಿಲ್ಲ" ಎನ್ನುವನು. ಆಕೆ ಹುಗ್ಗಿ ಮಾಡುವಳು. ಹುಗ್ಗಿ ತಿರುವುವಾಗ ಸೌಟು ಪಾತ್ರೆಯ ತಳಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿತ್ತು.

ಎಲ್ಲವನ್ನೂ ತಡೆದುಕೊಳ್ಳಬಹುದಿತ್ತು, ಸಂಜೆಯದೊಂದನ್ನು ಬಿಟ್ಟು. ಅಂಗಡಿ ಮುಚ್ಚಿ ಬಂದ ಶರಣಯ್ಯ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಕುರ್ಚಿ ಮೇಲೆ ಕೂತು ಮಗಳನ್ನು ಕರೆಯುವನು.

"ಬಾರವ್ವ ಶೈಲೂ. ಎಲ್ಲಿ, ನಗು ನೋಡೋಣು."

ಹುಡುಗಿ ಹಲ್ಲು ಕಿರಿಯುವಳು. ಆತ ಸೀರೆಯ ಜರಿ ಅಂಚು ಪರೀಕ್ಷಿಸುವ ಹಾಗೆ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, "ಹಾಂ, ಒಳಗ ಹೊಂಟಾವ ನೋಡು" ಎನ್ನುವನು. ಅಡುಗೆಮನೆಯ ಬಾಗಿಲಿಗೆ ಒರಗಿ ವೀರಬಸಮ್ಮ ನೋಡುತ್ತಿದ್ದಳು. ನಗು ಎಂದು ಆತ ತನಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದು ಬೇರೆಯದನ್ನು. ಆಕೆಗೆ ಬೇಕಾಗಿದ್ದುದು ಕ್ಲಿಪ್ಪಲ್ಲ, ರಾಯಚೂರೂ ಅಲ್ಲ. ಗಂಡ ತನ್ನ ಗದ್ದ ಹಿಡಿದು ಒಂದೇ ಒಂದು ಸಲ ಆ ಮಾತು ಅನ್ನಬೇಕಿತ್ತು. ಅದು ಮಗಳಿಗೆ ದಿನಾ ಸಂಜೆ ಪುಕ್ಕಟೆ ಸಿಗುತ್ತಿತ್ತು.

ಆತ ಹೇಳಿದ್ದ ಬೇರೆಯ ಮಾತು ಯಾವುದು ಎಂದು ಹೇಳಬೇಕಾದರೆ ಮದುವೆಯ ಸಂಗತಿಯನ್ನೂ ಹೇಳಬೇಕು.

ವೀರಬಸಮ್ಮನ ತವರು ನಾರಾಯಣಪೇಟೆ. ಅಪ್ಪನಿಗೆ ಮಗ್ಗದ ಸೀರೆ ಕೊಂಡು ಮಾರುವ ಸಣ್ಣ ವ್ಯಾಪಾರ. ಹೆಣ್ಣು ನೋಡಲು ಬಂದವರೆಲ್ಲ ಹುಡುಗಿ ಬಾಯಿ ತೆರೆದ ಕೂಡಲೇ ಮನೆಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಆಕೆಯ ಅವ್ವ ಬುದ್ಧಿವಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಅಪ್ಪಣೆ ಕೊಟ್ಟಿದ್ದಾರಲ್ಲ. ಈಕೆಗೆ ಒಂದೇ ಸುಳ್ಳು ಸಾಕಾಯಿತು. ಗದ್ವಾಲದಿಂದ ಗಂಡಿನವರು ಬರುತ್ತಾರೆಂದಾಗ ಬೇಕೆಂದೇ ಶ್ರಾವಣ ಸೋಮವಾರ ಬರಹೇಳಿದಳು. ಶ್ರಾವಣ ಸೋಮವಾರ ಮೌನ ಹಿಡಿಯುವ ಪದ್ಧತಿ ನಮ್ಮ ಕಡೆ ಉಂಟು: ಬೆಳಗಿನಿಂದ ಸಂಜೆಯ ಪೂಜೆ ಮುಗಿಯುವ ತನಕ ತುಟಿ ಪಿಟಕ್ಕೆನ್ನುವ ಹಾಗಿಲ್ಲ. "ನಮ್ಮ ಹುಡುಗಿ ಮೌನ ಹಿಡದಾಳ್ರಿ, ಮಾತಾಡಸಬ್ಯಾಡ್ರಿ" ಎಂದು ಅವ್ವ ಕೈಮುಗಿದಳು. ಹುಡುಗಿ ತುಟಿ ಬಿಗಿದು, ತಲೆ ತಗ್ಗಿಸಿ ಕೂತಳು. ಶರಣಯ್ಯನ ತಾಯಿ, ಅಕ್ಕ ಇಬ್ಬರೂ ಕರಗಿ ನೀರಾದರು. ಇಂಥ ಶಿವಭಕ್ತಿಯ ಸೊಸೆ ಹುಡುಕಿದರೂ ಸಿಗುವುದಿಲ್ಲ ಎಂದು ಅಲ್ಲೇ ಮಾತು ಮುಗಿಸಿದರು.

ಹಲ್ಲು ಕಂಡಿದ್ದು ಮದುವೆಯಲ್ಲಿ. ಅಷ್ಟರಲ್ಲಿ ಅಕ್ಕಿಕಾಳು ಬಿದ್ದಾಗಿತ್ತು. ಸೋಜಿಗವೆಂದರೆ ಆ ಸುಳ್ಳು ವೀರಬಸಮ್ಮನ ಬೆನ್ನು ಬಿಡಲಿಲ್ಲ. ಸೊಸೆಯ ಮೌನದ ಸುದ್ದಿಯನ್ನು ಅತ್ತೆ ಊರಿಗೆಲ್ಲ ಹಂಚಿಬಿಟ್ಟಿದ್ದಳು. ಹೀಗಾಗಿ ಪ್ರತಿ ಶ್ರಾವಣದ ಪ್ರತಿ ಸೋಮವಾರ ಆಕೆ ನಿಜವಾಗಿಯೂ ಮೌನ ಹಿಡಿಯಬೇಕಾಯಿತು. ಅತ್ತೆ ಸತ್ತ ಮೇಲೂ ಅದು ತಪ್ಪಲಿಲ್ಲ.

ಮದುವೆಯಾದ ಹೊಸತರಲ್ಲಿ ಶರಣಯ್ಯನ ಗೆಳೆಯನೊಬ್ಬ ಅಂಗಡಿಯಲ್ಲಿ ಹತ್ತು ಮಂದಿಯ ಮುಂದೆ, "ಏನಪಾ, ನಿಮ್ಮ ಮನ್ಯಾಗ ಕೊಬ್ಬರಿ ತುರಿಯಾಕ ಈಳಿಗಿ ಬೇಕಾಗಿಲ್ಲಂತ" ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ಶರಣಯ್ಯ ಮನೆಗೆ ಬಂದವನೇ ಹೆಂಡತಿಯ ಮುಖ ನೋಡದೆ ಹೇಳಿದ್ದ: "ಮಂದಿ ಮುಂದ ಬಾಯಿ ಮುಚಿಗೊಂಡು ನಗು." ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಆ ದಿನ ಬಾಯಿಗೆ ಹೋದ ಸೆರಗು ಅಲ್ಲೇ ಉಳಿಯಿತು.

ಈಗ ಹೇಳಿ, ಅಂಥವಳಿಗೆ ಮಗಳ ಗುಲಾಬಿ ರಬ್ಬರು ಕಂಡರೆ ಹೊಟ್ಟೆ ಉರಿಯುವುದಿಲ್ಲವೇ?

ಉರಿಗೆ ತುಪ್ಪ ಹೊಯ್ಯುವವರೂ ಮನೆಯಲ್ಲೇ ಇದ್ದರು. ಒಂದು ಸಲ ರಾಯಚೂರಿನಿಂದ ಬಂದ ಶೈಲಜಾ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು: "ಅವ್ವಾ, ಡಾಕ್ಟರಮ್ಮ ಕೇಳಿದ್ರು, ಇವು ಯಾರ ಹಲ್ಲು ಬಂದಾವು ಅಂತ. ಅಪ್ಪ ಅಂದ, ಅವರವ್ವಂದು, ತವರಿಂದ ತಂದ ಆಸ್ತಿ ಅಂತ! ಡಾಕ್ಟರಮ್ಮ ಎಷ್ಟು ನಕ್ರು ಗೊತ್ತೇನು!" ಹುಡುಗಿಗೆ ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಆ ದಿನ ವೀರಬಸಮ್ಮ ಹುಗ್ಗಿಗೆ ಬೆಲ್ಲ ಹಾಕಲಿಲ್ಲ. ಮರೆತೆ ಎಂದಳು.

ಇನ್ನೊಂದು ಸಲ ಜೂರಾಲ ಅಣೆಕಟ್ಟಿನ ಗೇಟು ಬಿಟ್ಟಿದ್ದಾರೆಂದು ಊರಿಗೆ ಊರೇ ನೀರು ನೋಡಲು ಹೋಯಿತು. ಇವರೂ ಹೋದರು. ನೀರಿನ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕು. ಶರಣಯ್ಯ ಮೊಬೈಲು ಹಿಡಿದು, "ಶೈಲೂ, ನಗು! ಇನ್ನಾ ನಗು! ಕ್ಲಿಪ್ಪು ಕಾಣಲಿ!" ಎಂದು ಕೂಗುತ್ತಿದ್ದ. ವೀರಬಸಮ್ಮ ಮಗಳ ಪಕ್ಕದಲ್ಲಿ ನಿಂತಳು. ತುಂತುರು ಮುಖಕ್ಕೆ ಹೊಡೆದು ಆಕೆಗೂ ನಗು ಬಂತು. ಗಾಳಿಗೆ ಸೆರಗು ಎತ್ತಲೋ ಹಾರಿತ್ತು. ಶರಣಯ್ಯ ಮೊಬೈಲು ಕೆಳಗಿಳಿಸಿ, ಕಾದು ನಿಂತ. ಆಕೆ ಸೆರಗು ಹುಡುಕಿ ಬಾಯಿಗೆ ಹಿಡಿದ ಮೇಲೆ ಫೋಟೋ ತೆಗೆದ. ಮಗಳ ಹಲ್ಲಿಗೆ ಎಂದಾದರೂ ಏನಾದರೂ ಆಗಲಿ ಎಂದು ಆ ತಾಯಿ ಅಂದುಕೊಂಡದ್ದು ಆ ಕಟ್ಟೆಯ ಮೇಲೆ. ಅಂದುಕೊಂಡ ಕೂಡಲೇ ಶಿವ ಶಿವಾ ಎಂದು ಕೆನ್ನೆ ಬಡಿದುಕೊಂಡಳು. ಆದರೆ ಅಂದುಕೊಂಡದ್ದು ಅಂದುಕೊಂಡ ಹಾಗೆಯೇ ಉಳಿಯಿತು.

ಮರುವರ್ಷದ ಶ್ರಾವಣ ಬಂತು. ಶರಣಯ್ಯನ ಅಕ್ಕ ಗುರಮ್ಮ ಮಕ್ತಲ್‌ನಿಂದ ನಾಲ್ಕು ದಿನ ಇರಲು ಬಂದಳು, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ದೊಡ್ಡ ಗಂಟು. ಕಟಕಟ ಎನ್ನುವಂಥ, ಒಣಗಿಸಿದ ರೊಟ್ಟಿ. ಶೈಲಜಾಗೆ ಆ ರೊಟ್ಟಿ ಎಂದರೆ ಪ್ರಾಣ. ಕ್ಲಿಪ್ಪು ಹಾಕಿದಾಗಿನಿಂದ ಅದರ ಚೂರೂ ಬಾಯಿಗೆ ಹೋಗಿರಲಿಲ್ಲ; ಡಾಕ್ಟರಮ್ಮ ಮೊದಲು ಬೇಡ ಎಂದದ್ದೇ ಅದನ್ನು.

ಸೋಮವಾರ. ವೀರಬಸಮ್ಮನ ಮೌನ. ಗುರಮ್ಮ ಗುಡಿಗೆ ಹೋಗಿದ್ದಳು. ಶಾಲೆಯಿಂದ ಬಂದ ಶೈಲಜಾ ಚೀಲ ಎಸೆದು ಅಡುಗೆಮನೆಗೆ ನುಗ್ಗಿದಳು. ರೊಟ್ಟಿಯ ಬುಟ್ಟಿ ತೆರೆದೇ ಇತ್ತು.

"ಅವ್ವಾ, ಒಂದು ತಿನ್ಲೇನು? ಅರ್ಧ? ಕಡೀ ಹಲ್ಲಿನಾಗ ಅಗೀತೀನಿ. ಬ್ಯಾಡ ಅನ್ನೂದಿದ್ರ ತಲಿ ಅಲ್ಲಾಡಸು."

ತಲೆ ಅಲ್ಲಾಡಿಸಿದರೆ ಯಾವ ವ್ರತವೂ ಕೆಡುವುದಿಲ್ಲ. ಕೈ ಹಿಡಿದು ತಡೆಯಬಹುದಿತ್ತು, ಬುಟ್ಟಿ ಮುಚ್ಚಬಹುದಿತ್ತು. ವೀರಬಸಮ್ಮ ಮಗಳನ್ನೇ ನೋಡುತ್ತ ನಿಂತಳು. ತಲೆ ಅಲ್ಲಾಡಿಸಲಿಲ್ಲ. ಅಷ್ಟೇ ಅಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಬಟ್ಟಲನ್ನು ಮಗಳ ಕಡೆ ಸರಿಸಿದಳು. ಆ ಕೈ ತನ್ನದೇ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಹುಡುಗಿ ರೊಟ್ಟಿ ಕಚ್ಚಿದಳು. ಕಟಕ್ಕೆಂದಿತು. ಮರುಗಳಿಗೆ ಬಾಯಿ ಹಿಡಿದುಕೊಂಡು ಚೀರಿದಳು. ಮುಂದಿನ ಹಲ್ಲಿಗೆ ಅಂಟಿಸಿದ್ದ ಲೋಹದ ಚೂರು ಕಿತ್ತು ಬಂದಿತ್ತು. ಬಿಚ್ಚಿದ ತಂತಿಯ ತುದಿ ತುಟಿಯ ಒಳಗೆ ಹೊಕ್ಕಿತ್ತು. ಲಂಗದ ಮೇಲೆ ರಕ್ತ ಬಿತ್ತು. ವೀರಬಸಮ್ಮ ಓಡಿ ಬಂದು ತಂತಿ ಬಿಡಿಸಿದಳು, ಒದ್ದೆ ಬಟ್ಟೆ ಒತ್ತಿ ಹಿಡಿದಳು. ಕಣ್ಣೀರು ಧಾರಾಕಾರ. ಬಾಯಿ ಮಾತ್ರ ತೆರೆಯಲಿಲ್ಲ.

ಸುದ್ದಿ ಹೋಗಿ ಶರಣಯ್ಯ ಅಂಗಡಿ ಬಿಟ್ಟು ಬಂದ. ಹಿಂದೆಯೇ ಗುರಮ್ಮನೂ ಬಂದಳು.

"ಡಾಕ್ಟರಮ್ಮ ಸಾರಿ ಸಾರಿ ಹೇಳ್ಯಾರಲ್ಲ! ನಾಲಿಗಿ ಹಿಡಿಯಾಕ ಬರಂಗಿಲ್ಲೇನು ನಿನಗ?" ಎಂದು ಆತ ಮಗಳ ಮೇಲೆ ಕೈ ಎತ್ತಿದ.

ಶೈಲಜಾ ಬಟ್ಟೆಯ ಹಿಂದಿನಿಂದಲೇ, "ಅವ್ವ ನೋಡಿಲ್ಲಪಾ. ನಾನೇ ಕದ್ದು ತಿಂದೆ" ಎಂದಳು.

"ನೋಡಿದ್ರೂ ಅಕಿ ಏನು ಮಾಡ್ತಿದ್ಲು ಪಾಪ" ಎಂದು ಗುರಮ್ಮ ನಿಟ್ಟುಸಿರು ಬಿಟ್ಟಳು. "ಮೌನ ಹಿಡದಾಕಿ. ದೇವರ ಸಲುವಾಗಿ ಬಾಯಿ ಕಟ್ಟಿದಾಕಿ. ಅಕಿ ಮ್ಯಾಲ ಯಾವ ತಪ್ಪೂ ಇಲ್ಲ."

ಹುಡುಗಿ ಸುಳ್ಳು ಹೇಳಿ ತಾಯಿಯನ್ನು ಕಾಪಾಡಿದಳು. ಗುರಮ್ಮ ದೇವರನ್ನು ಅಡ್ಡ ತಂದು ಕಾಪಾಡಿದಳು. ಸುಮ್ಮನೆ ಇದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವುದರಲ್ಲಿ ವೀರಬಸಮ್ಮನಷ್ಟು ಪಳಗಿದವರೂ ಊರಲ್ಲಿ ಇರಲಿಲ್ಲ. ಆದರೆ ಅಪ್ಪನ ಎತ್ತಿದ ಕೈಯ ಕೆಳಗೆ ಮಗಳ ಊದಿದ ತುಟಿ ಕಂಡು ಆಕೆಗೆ ತಾಳಲಾಗಲಿಲ್ಲ.

"ನಾ ನೋಡಕೋತ ನಿಂತಿದ್ದೆ" ಎಂದಳು.

ಗುರಮ್ಮ ಕೆನ್ನೆಗೆ ಕೈ ಹೊಡೆದುಕೊಂಡಳು. "ಅಯ್ಯ ನಮ್ಮವ್ವಾ, ಪೂಜಿ ಆಗಿಲ್ಲ, ಬಾಯಿ ಬಿಟ್ಟೆಲ್ಲ!"

"ಬಿಟ್ಟೆ ಅಕ್ಕಾರ. ಹುಡುಗಿ ನನ್ನ ಕೇಳಿದ್ಲು. ನಾ ಬ್ಯಾಡ ಅನ್ನಲಿಲ್ಲ. ಹಿಂಡಿ ಬಟ್ಟಲನೂ ನಾನೇ ಮುಂದ ಸರಿಸಿದೆ. ಬೇಕಂತ ಮಾಡೀನಿ."

ಶರಣಯ್ಯನ ಕೈ ಕೆಳಗೆ ಬಂತು. "ಯಾಕ?"

"ಹೊಟ್ಟಿಕಿಚ್ಚಿಗೆ."

"ಯಾರ ಮ್ಯಾಲ?"

"ನನ್ನ ಮಗಳ ಮ್ಯಾಲ."

ಶೈಲಜಾ ಬಾಯಿಂದ ಬಟ್ಟೆ ತೆಗೆದು ತಾಯಿಯನ್ನು ನೋಡಿದಳು. "ನಾ ಏನು ಮಾಡೀನವ್ವ ನಿನಗ?"

"ನೀ ಏನೂ ಮಾಡಿಲ್ಲವ್ವ. ನಿನಗ ದಿನಾ ನಗು ಅಂತಾರ. ನನಗ ಬಾಯಿ ಮುಚ್ಚು ಅಂದ್ರು." ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ. "ಅಕ್ಕಾರ, ಈ ಮೌನಾನೂ ಸುಳ್ಳು. ನೀವು ನೋಡಾಕ ಬಂದಾಗ ನನ್ನ ಹಲ್ಲು ಕಾಣಬಾರದು ಅಂತ ನಮ್ಮವ್ವ ಹಿಡಿಸಿದ್ಲು. ನನಗ ಆವಾಗ ಯಾವ ಭಕ್ತೀನೂ ಇದ್ದಿಲ್ಲ."

ಗುರಮ್ಮ ಗೋಡೆಗೆ ಒರಗಿ ಕೂತಳು. "ನನಗ ಅವತ್ತೇ ಗೊತ್ತಿತ್ತು" ಎಂದ ಶರಣಯ್ಯ.

ಹೆಣ್ಣು ನೋಡಿ ಹೊರಟು ನಿಂತವನು ಟವೆಲು ಮರೆತೆನೆಂದು ಅವತ್ತು ಮತ್ತೆ ಒಳಗೆ ಹೋಗಿದ್ದನಂತೆ. ಹಿತ್ತಿಲಲ್ಲಿ ಆಡಿನ ಮರಿಯೊಂದು ಬೀಗರಿಗೆಂದು ಇಟ್ಟ ಎಲೆಅಡಿಕೆಯ ತಟ್ಟೆಗೆ ಬಾಯಿ ಹಾಕಿತ್ತು. ಮೌನ ಹಿಡಿದ ಹುಡುಗಿ ಅದನ್ನು ಅಟ್ಟಿಸಿಕೊಂಡು ಓಡುತ್ತ, ಬಾಯ್ತುಂಬ ನಗುತ್ತ, ಮರಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದಳು.

"ಬಾಗಲದಾಗ ನಿಂತು ನೋಡಿದೆ. ಹಲ್ಲೂ ಕಂಡೆ, ಮೌನಾನೂ ಕಂಡೆ. ಆ ನಗು ನೋಡಿನೇ ಹೂಂ ಅಂದದ್ದು ನಾ."

ಇದನ್ನು ಕೇಳಿ ಹೆಂಡತಿಯಾದವಳು ಕರಗಬೇಕಿತ್ತು. ವೀರಬಸಮ್ಮನಿಗೆ ಬಂದದ್ದು ಸಿಟ್ಟು. ಇಷ್ಟು ವರ್ಷದಲ್ಲಿ ಬಂದಿರದಂಥ ಸಿಟ್ಟು.

"ನೋಡಿ ಮೆಚ್ಚಿದೋರು ಆಮ್ಯಾಲ ಯಾಕ ಮುಚ್ಚಿಸಿದ್ರಿ? ಮಂದಿ ಮುಂದ ಬಾಯಿ ಮುಚಿಗೊಂಡು ನಗು ಅಂದ್ರಿ."

ಶರಣಯ್ಯ ತಲೆ ಕೆರೆದುಕೊಂಡ. "ನಾ ಹಂಗ ಅಂದಿದ್ದೆನೇನು?"

ಆತನಿಗೆ ನೆನಪಿರಲಿಲ್ಲ. ನಿಜವಾಗಿಯೂ ಇರಲಿಲ್ಲ; ಆತನ ಮುಖ ನೋಡಿದರೆ ತಿಳಿಯುತ್ತಿತ್ತು. ಅದು ಗೊತ್ತಾದಾಗ ಆಕೆಗೆ ಆದ ನೋವಿನ ಮುಂದೆ ಮಗಳ ತುಟಿಯ ತಂತಿ ಏನೂ ಅಲ್ಲ. ಮುಚ್ಚು ಎಂದವನು ಮರೆತು ಆರಾಮಾಗಿದ್ದ. ಮುಚ್ಚಿಕೊಂಡವಳು ಮಾತ್ರ ಮುಚ್ಚಿಕೊಂಡೇ ಇದ್ದಳು.

ಮಾರನೆಯ ದಿನ ಮೂವರೂ ರಾಯಚೂರಿನ ರೈಲು ಹತ್ತಿದರು. ಯಾರೂ ಕರೆದಿರಲಿಲ್ಲ, ವೀರಬಸಮ್ಮ ತಾನೇ ಸೀರೆ ಬದಲಿಸಿ ಬಂದಳು. ಡಾಕ್ಟರಮ್ಮ ಹೊಸ ಚೂರು ಅಂಟಿಸಿ ತಂತಿ ಬಿಗಿದು, ರೊಟ್ಟಿ ಕೊಟ್ಟವರು ಯಾರೆಂದು ಗದರಿದರು. "ನಾನೇರಿ" ಎಂದಳು ವೀರಬಸಮ್ಮ. ಹಾಗೆಂದು ಸೆರಗು ಪಕ್ಕಕ್ಕೆ ಸರಿಸಿ ಕೇಳಿದಳು:

"ನನ್ನ ವಯಸ್ಸಿನವರಿಗೂ ಕ್ಲಿಪ್ಪು ಹಾಕಾಕ ಬರತೈತೇನ್ರಿ?"

ಡಾಕ್ಟರಮ್ಮ ಕುರ್ಚಿಯ ಮೇಲೆ ಕೂರಿಸಿ, ದೀಪ ಹಚ್ಚಿ, ವಸಡು ಒತ್ತಿ ನೋಡಿದರು. "ಯಾಕ ಬರಂಗಿಲ್ಲ? ವಸಡು ಗಟ್ಟಿ ಅದಾವು. ಮಗಳಿಗಿಂತ ಸ್ವಲ್ಪ ಹೆಚ್ಚು ದಿನ ಹಿಡಿತೈತಿ, ಅಷ್ಟ."

ಶರಣಯ್ಯ ಹಿಂದಿನಿಂದ ಮೆಲ್ಲಗೆ ಅಂದ: "ಯಾಕ ಬೇಕು ಬಿಡು. ಆ ಹಲ್ಲೇ ನನಗ ಸೇರಿದ್ದು ಅಂತ ಹೇಳಿದೆನಲ್ಲ."

"ನಿಮಗ ಸೇರಿದ್ದು ಒಂದು ದಿನ" ಎಂದಳು ಆಕೆ, ತೆರೆದ ಬಾಯಲ್ಲೇ. "ನನಗ ಇನ್ನೂ ಸೇರಬೇಕಾಗೈತಿ. ಹಾಕ್ರಿ ಡಾಕ್ಟರಮ್ಮ."

ಅಳತೆ ತೆಗೆದು ಮುಂದಿನ ತಿಂಗಳು ಹಾಕಿದರು. ರಬ್ಬರಿಗೆ ಬಣ್ಣ ಯಾವುದು ಬೇಕೆಂದು ಕೇಳಿದಾಗ ವೀರಬಸಮ್ಮ ಬಹಳ ಹೊತ್ತು ಯೋಚಿಸಿ ಹಸಿರು ಆರಿಸಿದಳು. ಗದ್ವಾಲಕ್ಕೆ ವಾಪಸು ಬರುವ ರೈಲಿನಲ್ಲಿ ಆಕೆಯ ದವಡೆ ಸಿಡಿಯುತ್ತಿತ್ತು. ಶರಣಯ್ಯ ಹೆಂಡತಿಯ ಪಕ್ಕಕ್ಕೇ ಕೂತಿದ್ದ. ಮಗಳ ಮೊದಲ ದಿನದ ನೋವನ್ನು ಕಂಡವನಲ್ಲವೇ, ಎಲ್ಲ ಗೊತ್ತಿದ್ದವನ ಹಾಗೆ, "ನೋವು ಭಾಳ ಐತೇನು? ಎರಡು ದಿನ ಹಿಂಗ ಇರತೈತಿ. ಮೆತ್ತಂದು ಏನರ ತಿಂತಿಯೇನು?" ಎಂದು ವಿಚಾರಿಸಿದ. ಮಾರುವವನಿಂದ ಬಾಳೆಹಣ್ಣು ಕೊಂಡು, ಸಿಪ್ಪೆ ಸುಲಿದು, ಆಕೆಯ ಕೈಗೆ ಕೊಟ್ಟ. ಸುತ್ತ ಡಬ್ಬಿಯ ತುಂಬ ಜನ. ಆಮೇಲೆ ಸ್ವಲ್ಪ ನಾಚುತ್ತ, "ಎಲ್ಲಿ, ನಗು ನೋಡೋಣು" ಎಂದ.

ಆಕೆ ನಕ್ಕಳು. ಹಸಿರು ರಬ್ಬರು, ತಂತಿ, ಎಲ್ಲ ಕಾಣುವ ಹಾಗೆ.

ಎದುರಿನ ಸೀಟಿನಿಂದ ಶೈಲಜಾ, "ಅಪ್ಪಾ, ನನ್ನ ಹಲ್ಲೂ ನೋಯಾಕತ್ತಾವು" ಎಂದಳು. ಶರಣಯ್ಯನಿಗೆ ಕೇಳಿಸಲಿಲ್ಲ, ಆತ ಹೆಂಡತಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ. ಹುಡುಗಿ ಮುಖ ತಿರುಗಿಸಿಕೊಂಡು, ಮೂಗು ಉಬ್ಬಿಸಿ, ಹೊರಗಿನ ಹತ್ತಿ ಹೊಲ ನೋಡತೊಡಗಿದಳು. ಕಣ್ಣು ತುಂಬಿ ಬಂದಿತ್ತು. ಆ ಮುಖದಲ್ಲಿ ಉರಿಯುತ್ತಿದ್ದುದು ಏನೆಂದು ವೀರಬಸಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಖುಷಿಯಾಯಿತು. ಆಕೆ ಬಾಳೆಹಣ್ಣನ್ನು ಸಣ್ಣ ಸಣ್ಣ ತುತ್ತು ಮಾಡಿ, ಒಂದು ಚೂರೂ ಉಳಿಸದೆ ತಿಂದು ಮುಗಿಸಿದಳು. ಆಮೇಲೆಯೇ ಎದ್ದು ಹೋಗಿ ಮಗಳ ಪಕ್ಕದಲ್ಲಿ ಕೂತು, ಆ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.